ರಜೆಯಲ್ಲಿ ನಾವು ಓದಿದ ಪುಸ್ತಕಗಳು: ನೀವೂ ಓದಿ

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಕಾರ್ಯಕರ್ತೆಯರು ಆಡಿದ ಮಾತುಗಳ ಬರಹ ರೂಪ)



ಮಳೆ ಹಿಡಿದಿದೆ, ಗದ್ದೆ ಕೆಲಸ ಶುರುವಾಗಿದೆ, ಮಕ್ಕಳ ಶಾಲೆಯೂ ತೆರೆದಿದೆ. ಇಷ್ಟೆಲ್ಲದರ ನಡುವೆ ಕೊಡೆ ಹಿಡಿದು ಸಭೆಗೆ ಬಂದಿದ್ದೀರಿ, ಸಂತೋಷ. ಇವತ್ತು ನಾವು ಉಳಿತಾಯ, ಸಾಲ, ಬಡ್ಡಿಯ ಮಾತು ಎತ್ತುವುದಿಲ್ಲ. ಪುಸ್ತಕಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ. ಪುಸ್ತಕ ಎಂದ ಕೂಡಲೇ ಕೆಲವರು ಪಾಸ್ ಪುಸ್ತಕ ತೆಗೆಯಲು ಚೀಲಕ್ಕೆ ಕೈ ಹಾಕಿದ್ದು ನಮಗೆ ಕಂಡಿತು! ಅದಲ್ಲ ಅಕ್ಕಾ, ಓದುವ ಪುಸ್ತಕ.

ಈ ಮಾತು ಯಾಕೆ ಬಂತು ಎಂದು ಮೊದಲು ಹೇಳಬೇಕು. ಅದರಲ್ಲಿ ನಮ್ಮದೇ ಒಂದು ತಪ್ಪು ಉಂಟು. ಕಳೆದ ವರ್ಷ ಒಂದು ಸಂಘದಲ್ಲಿ ಸಾಲಕ್ಕೆ ನಿರ್ಣಯ ಬರೆಯಬೇಕಿತ್ತು. ಹೊತ್ತಾಗಿತ್ತು, ಕೊನೆಯ ಬಸ್ಸು ಹಿಡಿಯುವ ಅವಸರ. ನಡವಳಿ ಪುಸ್ತಕದಲ್ಲಿ ನಿರ್ಣಯವನ್ನು ನಾವೇ ಬರೆದೆವು. "ಸಹಿ ಹಾಕಿ, ಮುಂದಿನ ವಾರ ಓದಿ ಹೇಳ್ತೇವೆ" ಎಂದು ಎಲ್ಲರ ಸಹಿ ತೆಗೆದುಕೊಂಡೆವು. ಮುಂದಿನ ವಾರ ಓದಿ ಹೇಳಲಿಲ್ಲ. ಕಂತು ಕಟ್ಟುವ ಸಮಯ ಬಂದಾಗ ಒಬ್ಬ ಸದಸ್ಯೆಗೆ ಗೊತ್ತಾಯಿತು: ಅವರ ಹೆಸರಿನ ಮುಂದೆ ಬರೆದ ಮೊತ್ತ ಅವರು ಕೇಳಿದ್ದಕ್ಕಿಂತ ಹೆಚ್ಚು. ಪಕ್ಕದ ಸದಸ್ಯೆಯ ಮೊತ್ತ ಇವರ ಸಾಲಿಗೆ ಬಂದಿತ್ತು. ಯಾರೂ ಮೋಸ ಮಾಡಿರಲಿಲ್ಲ, ಬರೆಯುವಾಗ ಆದ ತಪ್ಪು. ಸರಿಪಡಿಸಿದೆವು. ಆದರೆ ಅಷ್ಟರಲ್ಲಿ ಅವರು ಮನೆಯಲ್ಲಿ ಗಂಡನ ಎದುರು ತಲೆ ತಗ್ಗಿಸಬೇಕಾಯಿತು. ಇಬ್ಬರು ಸದಸ್ಯೆಯರ ನಡುವೆ ಮಾತು ನಿಂತಿತು. ಸಂಘ ಒಡೆಯುವವರೆಗೆ ಹೋಯಿತು.

ಆ ದಿನ ಆ ಅಕ್ಕ ನಮಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನೀವು ನಮಗೆ ಸಹಿ ಹಾಕಲು ಕಲಿಸಿದಿರಿ, ಓದಲು ಕಲಿಸಲಿಲ್ಲ."

ನಾವು ಆರು ಮಂದಿ ಕಾರ್ಯಕರ್ತೆಯರು ಕುಳಿತು ಯೋಚಿಸಿದೆವು. ಓದಲು ಕಲಿಸುವುದು ಹಾಗಿರಲಿ, ನಾವಾದರೂ ಓದುತ್ತೇವೆಯೇ? ವರದಿ, ಫಾರ್ಮು, ಮೊಬೈಲಿಗೆ ಬರುವ ಸಂದೇಶ ಇಷ್ಟೇ ನಮ್ಮ ಓದು. ಪುಸ್ತಕ ಮುಟ್ಟದೆ ವರ್ಷಗಳೇ ಆಗಿದ್ದವು. ಹಾಗಾಗಿ ಈ ಬೇಸಿಗೆ ರಜೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಒಬ್ಬೊಬ್ಬರು ಒಂದೋ ಎರಡೋ ಪುಸ್ತಕ ಓದುವುದು, ಶನಿವಾರ ಮಧ್ಯಾಹ್ನ ಸೇರಿ ಓದಿದ್ದನ್ನು ಉಳಿದವರಿಗೆ ಹೇಳುವುದು.

"ನಮಗೆಲ್ಲಿ ರಜೆ ಮಾರಾಯ್ತಿ? ರಜೆ ಮಕ್ಕಳಿಗೆ" ಎಂದು ನೀವು ಹೇಳುತ್ತೀರಿ. ನಿಜ. ಎಪ್ರಿಲ್, ಮೇ ತಿಂಗಳು ಬಂತೆಂದರೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮದುವೆ, ಮನೆ ತುಂಬ ನೆಂಟರು. ನಮಗೂ ಹಾಗೆಯೇ ಇತ್ತು. ನಮ್ಮಲ್ಲಿ ಒಬ್ಬರು ಅನ್ನ ಬೇಯುವಷ್ಟು ಹೊತ್ತು ಒಲೆಯ ಹತ್ತಿರ ಕುಳಿತು ಓದಿದರು. ಇನ್ನೊಬ್ಬರ ಮನೆಯಲ್ಲಿ ಅತ್ತೆ, ನಾದಿನಿ ತಡಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು, ಇವರು ಗಟ್ಟಿಯಾಗಿ ಓದಿದರು. ಕೈಗೆ ಕೆಲಸ, ಕಿವಿಗೆ ಕಥೆ. ಹಾಗೆ ಓದಿದ್ದರಲ್ಲಿ ನಿಮಗೆ ಹೇಳಲೇಬೇಕು ಅನ್ನಿಸಿದ ಕೆಲವನ್ನು ಇಲ್ಲಿ ಹೇಳುತ್ತೇವೆ.

ವಿಶ್ವಾಸದ ಪುಸ್ತಕಗಳು

ಮೊದಲನೆಯದು ರೂತಳ ಗ್ರಂಥ. ಪವಿತ್ರ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ಬರೇ 4 ಅಧ್ಯಾಯ, ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು. ಬರಗಾಲಕ್ಕೆ ಹೆದರಿ ಬೆತ್ಲೆಹೇಮಿನ ಒಂದು ಕುಟುಂಬ ಮೋವಾಬ್ ದೇಶಕ್ಕೆ ಹೋಗುತ್ತದೆ. ಅಲ್ಲಿ ನವೊಮಿಯ ಗಂಡನೂ ಇಬ್ಬರು ಗಂಡುಮಕ್ಕಳೂ ತೀರಿಹೋಗುತ್ತಾರೆ. ಉಳಿದವರು ಮೂವರು ವಿಧವೆಯರು, ಒಬ್ಬ ಅತ್ತೆ, ಇಬ್ಬರು ಸೊಸೆಯರು. ಒಬ್ಬ ಸೊಸೆ ಅಳುತ್ತಾ ತವರಿಗೆ ಹಿಂದಿರುಗುತ್ತಾಳೆ. ರೂತಳು ಮಾತ್ರ ಅತ್ತೆಯನ್ನು ಬಿಡುವುದಿಲ್ಲ, ಗುರುತು ಪರಿಚಯ ಇಲ್ಲದ ಊರಿಗೆ ಅವಳ ಜೊತೆ ಬರುತ್ತಾಳೆ. ಜವೆಗೋದಿ ಕೊಯ್ಲಿನ ಸಮಯ. ಕೊಯ್ಯುವವರ ಹಿಂದೆ ಹೋಗಿ ಹಕ್ಕಲು ಆಯ್ದು ಅತ್ತೆಯನ್ನು ಸಾಕುತ್ತಾಳೆ.

ಹಕ್ಕಲು ಆಯುವುದು ಅಂದರೆ ನಮ್ಮ ಅಜ್ಜಿಯಂದಿರಿಗೆ ಗೊತ್ತು. ಕೊಯ್ದ ಗದ್ದೆಯಲ್ಲಿ ಉದುರಿದ ತೆನೆ ಹೆಕ್ಕುವುದು. ಆ ಕಾಲದ ಧರ್ಮಶಾಸ್ತ್ರದಲ್ಲಿ ಒಂದು ಕಟ್ಟಳೆ ಇತ್ತು. ಉದುರಿದ ತೆನೆಯನ್ನು ಹೊಲದ ಯಜಮಾನ ಹೆಕ್ಕಿಸಬಾರದು, ಅದು ಬಡವರಿಗೆ, ವಿಧವೆಯರಿಗೆ, ಪರದೇಶಿಗಳಿಗೆ ಬಿಡಬೇಕು. ಅಂದರೆ ರೂತಳು ಆಯ್ದದ್ದು ಭಿಕ್ಷೆಯಲ್ಲ, ಅವಳ ಹಕ್ಕು. ಹೊಲದ ಯಜಮಾನ ಬೋವಜನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಕೆಂದೇ ಕೆಲವು ತೆನೆಗಳನ್ನು ಬಿಡಿ ಎಂದು ಆಳುಗಳಿಗೆ ಹೇಳುತ್ತಾನೆ. ಪಿಂಚಣಿ, ಪಡಿತರಕ್ಕಾಗಿ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ವಿಧವೆ ಸಹೋದರಿಯರು ಈ ಪುಸ್ತಕ ಓದಬೇಕು. ಅತ್ತೆ ಸೊಸೆ ಒಟ್ಟಿಗೆ ಕೂತು ಓದಿದರೆ ಇನ್ನೂ ಒಳ್ಳೆಯದು!

ಎರಡನೆಯದು ಸಂತ ಲೂಕನು ಬರೆದ ಶುಭಸಂದೇಶ. ಪೂಜೆಯಲ್ಲಿ ತುಂಡು ತುಂಡಾಗಿ ಕೇಳಿದ್ದೇವೆ, ಮೊದಲಿನಿಂದ ಕೊನೆಯವರೆಗೆ ಓದಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. 24 ಅಧ್ಯಾಯ, ದಿನಕ್ಕೆ ಒಂದರಂತೆ ಒಂದು ತಿಂಗಳೊಳಗೆ ಮುಗಿಯುತ್ತದೆ. ಹೀಗೆ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಇದರಲ್ಲಿ ಎಷ್ಟೊಂದು ಹೆಂಗಸರು! 8ನೇ ಅಧ್ಯಾಯದಲ್ಲಿ ಯೇಸುವಿನ ಜೊತೆ ಊರೂರು ತಿರುಗಿದ, ತಮ್ಮ ಸ್ವಂತ ಹಣದಿಂದ ಅವರ ಖರ್ಚು ನೋಡಿಕೊಂಡ ಸ್ತ್ರೀಯರ ಹೆಸರುಗಳಿವೆ. 15ನೇ ಅಧ್ಯಾಯದಲ್ಲಿ 10 ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡು, ದೀಪ ಹಚ್ಚಿ, ಮನೆ ಗುಡಿಸಿ ಹುಡುಕುವ ಹೆಂಗಸು ಇದ್ದಾಳೆ. ಸಿಕ್ಕಿದ ಮೇಲೆ ನೆರೆಹೊರೆಯವರನ್ನೆಲ್ಲ ಕರೆದು ಸಂತೋಷಪಡುತ್ತಾಳೆ. ಲೆಕ್ಕದಲ್ಲಿ ಹತ್ತು ರೂಪಾಯಿ ತಾಳೆ ಆಗದಿದ್ದರೆ ರಾತ್ರಿ ನಿದ್ದೆ ಬಾರದ ನಮ್ಮ ಖಜಾಂಚಿಯರಿಗೆ ಈ ಕಥೆ ಯಾರೂ ವಿವರಿಸಬೇಕಾಗಿಲ್ಲ. 18ನೇ ಅಧ್ಯಾಯದಲ್ಲಿ ನ್ಯಾಯ ಸಿಗುವವರೆಗೆ ನ್ಯಾಯಾಧೀಶನನ್ನು ಬಿಡದೆ ಕಾಡಿದ ವಿಧವೆ ಇದ್ದಾಳೆ. ಪ್ರಾರ್ಥನೆ ಮಾಡುವುದು ಹೇಗೆ ಎಂದು ಹೇಳಲು ಯೇಸು ಇಂಥ ಒಬ್ಬಳನ್ನೇ ಆರಿಸಿಕೊಂಡರಲ್ಲ!

ಮೂರನೆಯದು ಸಂತ ಜೋಸೆಫ್ ವಾಜ್ ಅವರ ಜೀವನ ಚರಿತ್ರೆ. 1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಹುಟ್ಟಿದವರು. 1681ರಿಂದ ಕೆಲವು ವರ್ಷ ನಮ್ಮ ಕೆನರಾ ಪ್ರದೇಶದಲ್ಲಿ ಸೇವೆ ಮಾಡಿದರು. ಮಂಗಳೂರಿನ ಹತ್ತಿರದ ಮುಡಿಪು ಕ್ಷೇತ್ರಕ್ಕೆ ನಿಮ್ಮಲ್ಲಿ ಹಲವರು ಹೋಗಿದ್ದೀರಿ. 1687ರಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಲೋನಿಗೆ ವೇಷ ಮರೆಸಿಕೊಂಡು ಹೋದರು. ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಮನೆಗೆ ಹಾಕಿದರು. ಅದೇ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಜಾತಿ ಮತ ನೋಡದೆ ಅವರ ಆರೈಕೆ ಮಾಡಿದವರೂ ಇವರೇ. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಇವರನ್ನು ಸಂತರೆಂದು ಘೋಷಿಸಿದರು. ಕೊರೋನಾ ಕಾಲದಲ್ಲಿ ಪಕ್ಕದ ಮನೆಗೆ ಗಂಜಿ ಕೊಡಲು ಹೆದರಿದ ನಮಗೆ ಈ ಚರಿತ್ರೆ ಓದುವಾಗ ಸ್ವಲ್ಪ ನಾಚಿಕೆಯೇ ಆಯಿತು.

ಬೇರೆ ಧರ್ಮದ ಸಹೋದರಿಯರೂ ನಮ್ಮ ಸಂಘಗಳಲ್ಲಿ ಸರಿಸಮಾನವಾಗಿ ಇದ್ದೀರಿ. ನಿಮ್ಮ ಮನೆಯ ಕಪಾಟಿನಲ್ಲೂ ನಿಮ್ಮ ಧರ್ಮದ ಪುಸ್ತಕ ಇರಬಹುದು. ಪೂಜೆ ಮಾಡಿ ಮುಚ್ಚಿಡಬೇಡಿ, ಓದಿ. ನಮಗೂ ಹೇಳಿ.

ಕಥೆ, ಕಾದಂಬರಿಗಳು

ಶಿವರಾಮ ಕಾರಂತರ "ಚೋಮನ ದುಡಿ" 1933ರಲ್ಲಿ ಬಂದ ಕಾದಂಬರಿ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು. ಚೋಮನಿಗೆ ಇದ್ದದ್ದು ಒಂದೇ ಆಸೆ. ತನ್ನದೇ ಒಂದು ತುಂಡು ಭೂಮಿಯಲ್ಲಿ ಉಳಬೇಕು. ಅವನ ಹತ್ತಿರ ಜೋಡಿ ಎತ್ತುಗಳಿವೆ, ಆದರೆ ಅಸ್ಪೃಶ್ಯನೆಂದು ಗದ್ದೆ ಕೊಡುವವರಿಲ್ಲ. ಹಳೆಯ ಒಂದು ಸಾಲಕ್ಕಾಗಿ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಸಾಲ ತೀರುವುದಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಕೈ ತಪ್ಪುತ್ತಾರೆ. ಕೊನೆಗೆ ಮಗಳು ಬೆಳ್ಳಿ ತೋಟಕ್ಕೆ ಹೋದಾಗ ಸಾಲ ತೀರಿತು ಎನ್ನುತ್ತಾರೆ. ಹೇಗೆ ತೀರಿತು ಎಂದು ಓದಿದವರಿಗೆ ಗೊತ್ತು. ರೈಟರ್ ಮನ್ವೇಲನಿದ್ದ ಆ ತೋಟದಲ್ಲಿ ಅದನ್ನು ಅವಳ ಮಾನದಿಂದ ವಸೂಲು ಮಾಡಿದ್ದರು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಮನ್ವೇಲ ಎಂಬ ಹೆಸರು ಓದಿದಾಗ ನಾವು ಕೆಲವರು ಸುಮ್ಮನಾದೆವು. ಅದು ನಮ್ಮವರ ಹೆಸರು. ನಮ್ಮಲ್ಲಿ ಒಬ್ಬರು "ಈ ಪುಸ್ತಕದ ಬಗ್ಗೆ ಸಭೆಯಲ್ಲಿ ಹೇಳುವುದು ಬೇಡ" ಎಂದರು. ತುಂಬ ಹೊತ್ತು ಚರ್ಚೆ ಆಯಿತು. ಕೊನೆಗೆ ಹೇಳಲೇಬೇಕು ಎಂದು ತೀರ್ಮಾನಿಸಿದೆವು. ಅನ್ಯಾಯ ಮಾಡಿದವನು ನಮ್ಮವನಾದರೆ ಪುಸ್ತಕ ಮುಚ್ಚುವುದು, ಬೇರೆಯವನಾದರೆ ತೆರೆಯುವುದು ಎಂದರೆ ಅದು ಓದು ಅಲ್ಲ.

ಎಂ.ಕೆ. ಇಂದಿರಾ ಅವರ "ಫಣಿಯಮ್ಮ" 1976ರಲ್ಲಿ ಬಂದದ್ದು. ಮಲೆನಾಡಿನಲ್ಲಿ ನಿಜವಾಗಿ ಬದುಕಿದ್ದ ಒಬ್ಬ ಹೆಂಗಸಿನ ಕಥೆ, ಲೇಖಕಿ ತಮ್ಮ ತಾಯಿಯಿಂದ ಕೇಳಿದ್ದು. ಆಟವಾಡುವ ವಯಸ್ಸಿನಲ್ಲಿ ಮದುವೆ, ಹಾವು ಕಚ್ಚಿ ಗಂಡನ ಸಾವು, ಆಮೇಲೆ ಕೇಶಮುಂಡನ, ಕೆಂಪು ಸೀರೆ, ಒಪ್ಪೊತ್ತಿನ ಊಟ. ಇಷ್ಟಾದರೂ ಫಣಿಯಮ್ಮ ಕಹಿಯಾಗಲಿಲ್ಲ. ಕಷ್ಟದ ಹೆರಿಗೆಯಲ್ಲಿದ್ದವಳಿಗೆ ಜಾತಿ ನೋಡದೆ ನೆರವಾಗುತ್ತಾಳೆ. ಇನ್ನೊಬ್ಬ ಎಳೆಯ ವಿಧವೆ ತಲೆ ಬೋಳಿಸಲು ಒಪ್ಪದೆ ಎದುರು ನಿಂತಾಗ ಅವಳ ಪರವಾಗಿ ಮಾತನಾಡುತ್ತಾಳೆ. ತಾನು ಅನುಭವಿಸಿದ್ದನ್ನು ಇನ್ನೊಬ್ಬಳೂ ಅನುಭವಿಸಲಿ ಎನ್ನುವ ಅತ್ತೆಯರು ನಮ್ಮ ನಡುವೆ ಇದ್ದಾರೆ, ಫಣಿಯಮ್ಮ ಹಾಗಲ್ಲ. ಲೇಖಕಿಯ ಬಗ್ಗೆಯೂ ಒಂದು ಮಾತು. ಇಂದಿರಾ ಅವರ ಮೊದಲ ಕಾದಂಬರಿ "ತುಂಗಭದ್ರ" ಬಂದದ್ದು 1963ರಲ್ಲಿ, ಆಗ ಅವರಿಗೆ ನಲವತ್ತು ದಾಟಿ ಎಷ್ಟೋ ವರ್ಷ ಆಗಿತ್ತು. "ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು" ಎನ್ನುವವರಿಗೆ ಇದು ಉತ್ತರ.

ತ್ರಿವೇಣಿಯವರ "ಶರಪಂಜರ"ವನ್ನು ಹಲವರು ಸಿನಿಮಾದಲ್ಲಿ ನೋಡಿದ್ದೀರಿ. ಪುಸ್ತಕವನ್ನೂ ಓದಿ. ಹೆರಿಗೆಯ ನಂತರ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾದರೂ ಮನೆಯವರ, ನೆರೆಯವರ ನೋಟ ಗುಣವಾಗುವುದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಕಾಯಿಲೆಗಿಂತ ಹೆಚ್ಚಾಗಿ ಆ ನೋಟವೇ ಅವಳನ್ನು ಮತ್ತೆ ಕೆಡಹುತ್ತದೆ. ನಮ್ಮೂರಲ್ಲಿ ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಾರೆ. ಗಾಳಿ ಸೋಂಕಿದೆ ಎಂದು ತಾಯಿತ ಕಟ್ಟಿಸಿ ದಿನ ಕಳೆಯುತ್ತಾರೆ. ಇದು ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ, ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. 2022ರಲ್ಲಿ ಸರಕಾರ ಟೆಲಿ-ಮಾನಸ್ ಎಂಬ ಉಚಿತ ಸಹಾಯವಾಣಿ ಆರಂಭಿಸಿತು. ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಪುಸ್ತಕ ನಮ್ಮ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರದು. ಅವರ ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಆ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಈ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಆದರೆ ಪ್ರಶಸ್ತಿಗಾಗಿ ನಾವು ಇದನ್ನು ಹೇಳುತ್ತಿಲ್ಲ. "ಎದೆಯ ಹಣತೆ" ಎಂಬ ಕಥೆ ಓದಿ ನಮಗೆ ರಾತ್ರಿ ನಿದ್ದೆ ಬರಲಿಲ್ಲ. ಗಂಡ ಕೈಬಿಟ್ಟ ಮೆಹರುನ್ ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆ ಹೋಗುತ್ತದೆ ಎಂದು ಅಣ್ಣಂದಿರು ಹಿಂದಕ್ಕೆ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಕೈಗೆ ತೆಗೆದುಕೊಳ್ಳುತ್ತಾಳೆ. ಅವಳನ್ನು ಉಳಿಸುವುದು ಅವಳ ಮಗಳು. ಸಹೋದರಿಯರೇ, ಇದು ಮುಸ್ಲಿಂ ಮನೆಯ ಕಥೆ ಮಾತ್ರವೇ? ತವರಿಗೆ ಬಂದ ಮಗಳನ್ನು "ಅಲ್ಲೇ ಹೊಂದಿಕೊಂಡು ಹೋಗು" ಎಂದು ಕಳುಹಿಸಿದ ಮನೆಗಳು ನಮ್ಮ ವಾರ್ಡಿನಲ್ಲಿ ಇಲ್ಲವೇ? ವಾರದ ಸಭೆಗೆ ಒಬ್ಬಳು ಎರಡು ವಾರ ಬಾರದಿದ್ದರೆ ದಂಡ ಬರೆಯುವ ಮೊದಲು ಅವಳ ಮನೆಗೆ ಹೋಗಿ ನೋಡಬೇಕು ಎಂದು ಈ ಕಥೆ ನಮಗೆ ಕಲಿಸಿತು.

ನಗುತ್ತಾ ಓದಬೇಕಾದರೆ ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ" ಓದಿ. 1980ರಲ್ಲಿ ಬಂದ ಕಾದಂಬರಿ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಕಥೆ ಶುರುವಾಗುತ್ತದೆ, ಹಾರುವ ಓತಿಯನ್ನು ಹುಡುಕುತ್ತಾ ಕಾಡಿನ ಒಳಗೆ ಹೋಗುತ್ತದೆ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಿಗೆ ಕಾಡಿನ ಹುಳುಹುಪ್ಪಟೆಗಳ ಬಗ್ಗೆ ಯಾರಿಗೂ ಇಲ್ಲದ ತಿಳುವಳಿಕೆ ಇದೆ. ದೊಡ್ಡ ವಿಜ್ಞಾನಿ ಕರ್ವಾಲೊ ಅದನ್ನು ಗುರುತಿಸುತ್ತಾರೆ. "ನಮಗೇನು ಗೊತ್ತುಂಟು, ನಾವು ಹಳ್ಳಿಯವರು" ಎನ್ನುವ ಮಾತು ನಿಮ್ಮ ಬಾಯಲ್ಲಿ ಬಂದಾಗಲೆಲ್ಲ ಮಂದಣ್ಣನನ್ನು ನೆನಪಿಸಿಕೊಳ್ಳಿ.

ಮಕ್ಕಳಿಗಾಗಿ ಒಂದು ಹೆಸರು: ಡಾ. ಅನುಪಮಾ ನಿರಂಜನ ಅವರ "ದಿನಕ್ಕೊಂದು ಕಥೆ". ವರ್ಷದ ದಿನ ದಿನಕ್ಕೂ ಒಂದೊಂದು ಚಿಕ್ಕ ಕಥೆ. ಮಲಗುವ ಮೊದಲು ಮಗು ನಿಮಗೆ ಓದಿ ಹೇಳಲಿ. ಮಗುವಿಗೂ ಓದು ಬರುತ್ತದೆ, ನಿಮಗೂ ಅಕ್ಷರದ ಗುರುತು ಉಳಿಯುತ್ತದೆ.

ಪುಸ್ತಕ ಎಲ್ಲಿ ಸಿಗುತ್ತದೆ? ಸಮಯ ಎಲ್ಲಿದೆ?

ದುಡ್ಡು ಕೊಟ್ಟು ಕೊಳ್ಳಲೇಬೇಕೆಂದಿಲ್ಲ. ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿಗೆ ಗಂಡಸರು ಪೇಪರ್ ಓದಲು ಹೋಗುತ್ತಾರೆ, ಹೆಂಗಸರು ಹೋಗುವುದು ಕಡಿಮೆ. ಹೋಗಿ ಕೇಳಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಚರ್ಚಿನ ಗ್ರಂಥಾಲಯ, ಶಾಲೆಯ ಕಪಾಟು ಇವೆ. ಸಂಘದಿಂದ ತಿಂಗಳಿಗೆ ಒಬ್ಬೊಬ್ಬರು ಹತ್ತು ರೂಪಾಯಿ ಬೇರೆ ತೆಗೆದಿಟ್ಟರೆ, 15 ಸದಸ್ಯೆಯರ ಸಂಘಕ್ಕೆ 150 ರೂಪಾಯಿ ಆಗುತ್ತದೆ. ವರ್ಷಕ್ಕೆ 1,800 ರೂಪಾಯಿ. ಅದರಲ್ಲಿ ಸಂಘಕ್ಕೇ ಒಂದು ಚಿಕ್ಕ ಪುಸ್ತಕ ಪೆಟ್ಟಿಗೆ ಆಗುತ್ತದೆ.

ಸಮಯದ ವಿಷಯ. ವಾರದ ಸಭೆಯಲ್ಲಿ ಪ್ರಾರ್ಥನೆ, ಹಾಜರಿ, ಉಳಿತಾಯ ಆದ ಮೇಲೆ ಹತ್ತು ನಿಮಿಷ ಓದಿಗೆ ಕೊಡಿ. ಒಬ್ಬರು ಓದಲಿ, ಉಳಿದವರು ಕೇಳಲಿ. ಮುಂದಿನ ವಾರ ಇನ್ನೊಬ್ಬರು. ತಡವರಿಸಿ ಓದಿದರೆ ಯಾರೂ ನಗಬಾರದು, ಇದೊಂದೇ ನಿಯಮ. ಮತ್ತು ನಡವಳಿ ಪುಸ್ತಕವನ್ನು ಇನ್ನು ಮುಂದೆ ಬರೆದವರು ಓದಬಾರದು, ಬೇರೆ ಸದಸ್ಯೆ ಗಟ್ಟಿಯಾಗಿ ಓದಬೇಕು. ಮೊತ್ತವನ್ನು ಎರಡು ಸಲ ಹೇಳಬೇಕು. ಆ ಮೇಲೆಯೇ ಸಹಿ. ನಾವು ಬಂದು ಅವಸರ ಮಾಡಿದರೂ ಒಪ್ಪಬೇಡಿ. "ಬಸ್ಸು ಹೋದರೆ ಹೋಗಲಿ, ಮೊದಲು ಓದಿ" ಎಂದು ನಮಗೇ ಹೇಳಿ.

ಕೊನೆಯದಾಗಿ ಆ ಅಕ್ಕನ ವಿಷಯ. ಮೇ ತಿಂಗಳಲ್ಲಿ ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಬರಿಗೈಯಲ್ಲಿ ಹೋಗಬಾರದೆಂದು "ಚೋಮನ ದುಡಿ" ಕೊಟ್ಟು ಬಂದೆವು. ಏಳನೇ ತರಗತಿಯ ಮಗಳು ದಿನಾ ಸಂಜೆ ನಾಲ್ಕು ಪುಟ ಓದಿ ಹೇಳಿದಳಂತೆ. ಕಳೆದ ವಾರ ಸಿಕ್ಕಿದಾಗ ಅವರು ಹೇಳಿದರು: "ಚೋಮನಿಗೆ ಸಾಲ ಎಷ್ಟು, ತೀರಿದ್ದೆಷ್ಟು ಅಂತ ಓದಿ ಹೇಳುವವರು ಒಬ್ಬರಿದ್ದಿದ್ದರೆ ಬೆಳ್ಳಿ ಉಳಿಯುತ್ತಿದ್ದಳೋ ಏನೋ." ಈಗ ಅವರು ಸ್ವತಃ ಅಕ್ಷರ ಕೂಡಿಸಿ ಓದಲು ಶುರು ಮಾಡಿದ್ದಾರೆ. ಅವರ ಸಂಘದಲ್ಲಿ ಈ ವಾರ ನಡವಳಿ ಓದುವ ಸರದಿ ಅವರದೇ.

ಮುಂದಿನ ಒಕ್ಕೂಟದ ಸಭೆಗೆ ಬರುವಾಗ ಪ್ರತಿ ಸಂಘವೂ ತಾನು ಓದಿದ ಒಂದು ಪುಸ್ತಕದ ಹೆಸರು ಹೇಳಬೇಕು ಎಂದು ಕೇಳಿಕೊಳ್ಳುತ್ತೇವೆ. ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.